ಎಡಬಾಗಿಲಿನ ಸ್ಪೀಕರ್

ಹೆಂಡತಿ ಮಾತು ಬಿಟ್ಟು ಹನ್ನೊಂದು ತಿಂಗಳಾದ ಮೇಲೆ ಯೋಗೀಶನಿಗೆ ಹೊಳೆದ ಉಪಾಯ ಏನು ಗೊತ್ತೇ? ಗಾಡಿಗೆ ಹೊಸ ಸ್ಟೀರಿಯೊ ಹಾಕಿಸುವುದು! ನಗಬೇಡಿ. ಮನೆಯಲ್ಲಿ ಕೆಟ್ಟಿರುವುದು ಯಾವುದೆಂದು ತಿಳಿಯದಿದ್ದಾಗ ಗಂಡಸು ತನ್ನ ಕೈಗೆ ಎಟುಕುವುದನ್ನು ರಿಪೇರಿ ಮಾಡಲು ಹೊರಡುತ್ತಾನೆ. ಯೋಗೀಶನ ಕೈಗೆ ಎಟುಕಿದ್ದು ಹದಿನೈದು ವರ್ಷದ ಹಳೆಯ ಬಿಳಿ ಪಿಕಪ್. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಯೂಟ್ ಎನ್ನುತ್ತಾರೆ. ಅದರ ಎಡಬಾಗಿಲಿನ ಸ್ಪೀಕರ್ ಕೊಂಡ ದಿನದಿಂದಲೂ ಸತ್ತಿತ್ತು. ಹಾಗೆಂದು ಅವನು ನಂಬಿದ್ದ.

ಪೂರ್ತಿ ಮಾತು ಬಿಟ್ಟಿದ್ದಳು ಎಂದರೆ ಚಂದ್ರಪ್ರಭಾಳಿಗೆ ಅನ್ಯಾಯ ಮಾಡಿದಂತಾಗುತ್ತದೆ. ಎದುರಿಗೆ ನಿಂತು "ಊಟಕ್ಕೆ ಬನ್ನಿ", "ರೆಂಟ್ ಕಟ್ಟಿದ್ರಾ", "ಹಾಲು ಮುಗಿದಿದೆ" ಎನ್ನುತ್ತಿದ್ದಳು. ಅದರಾಚೆ ಒಂದು ಮಾತಿಲ್ಲ, ಜಗಳವೂ ಇಲ್ಲ. ಯೂಟ್‌ನಲ್ಲಿ ಪಕ್ಕಕ್ಕೆ ಕೂತರಂತೂ ಬಾಯಿಗೆ ಬೀಗ. ಮೆಲ್ಬರ್ನ್ ಹೊರವಲಯದ ಟ್ರುಗನಿನಾದ ಆ ಬಾಡಿಗೆ ಮನೆಯಲ್ಲಿ ಫ್ರಿಜ್ಜಿನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಈಗ ಆ ಸಂಸಾರವೂ ಮುಗಿಯುವ ಹಾಗೆ ಕಾಣುತ್ತಿತ್ತು. ಈಸ್ಟರ್ ರಜೆ ಕಳೆದ ಮಂಗಳವಾರಕ್ಕೆ ಅವಳು ಊರಿಗೆ ಟಿಕೆಟ್ ಬುಕ್ ಮಾಡಿದ್ದಳು. "ಅಮ್ಮನ ಹತ್ರ ಹೋಗ್ತೀನಿ" ಎಂದಳು. ನಮ್ಮ ಜನ ಪಕ್ಕದ ಬೀದಿಯ ಅಂಗಡಿಗೆ ಹೊರಟರೂ ಹೋಗಿ ಬರ್ತೀನಿ ಎನ್ನುತ್ತಾರೆ. ಅವಳು ಅನ್ನಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಯೋಗೀಶ ಟಿಕೆಟ್ಟಿನ ಕಾಗದ ತೆಗೆದು ನೋಡಿದ. ವಾಪಸ್ ಪ್ರಯಾಣ ಅದರಲ್ಲಿ ಇರಲೇ ಇಲ್ಲ.

ಏರ್‌ಪೋರ್ಟಿಗೆ ಅವನೇ ಬಿಟ್ಟು ಬರಬೇಕು. ಟ್ರುಗನಿನಾದಿಂದ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆ ಅವಳ ಪಕ್ಕದ ಬಾಗಿಲಿನಿಂದ ಅವಳಿಗಿಷ್ಟವಾದ ಹಾಡು ಬಂದರೆ, ಒಂದೇ ಒಂದು ಸಾಲಿಗೆ ಅವಳೂ ದನಿಗೂಡಿಸಿದರೆ, ಮನಸ್ಸು ಕರಗಲೂಬಹುದು ಎಂಬುದು ಅವನ ಆಸೆ. ಸಿಡ್ನಿಯಲ್ಲಿದ್ದಾಗ ಅವಳು ಒಗ್ಗರಣೆ ಹಾಕುವಾಗಲೂ ಹಾಡುತ್ತಿದ್ದವಳೇ. ಪಕ್ಕದ ಫ್ಲ್ಯಾಟಿನವರು ಗೋಡೆಯಾಚೆಯಿಂದ "ಇನ್ನೊಂದು ಹೇಳಮ್ಮ" ಎಂದು ಕೂಗುತ್ತಿದ್ದರು. ಅವನು ಕಂಪ್ಯೂಟರಿನಲ್ಲಿ ಕೂತು ಆ ಹಾಡುಗಳನ್ನೆಲ್ಲ ಹುಡುಕಿ ಒಂದು ಸಿ.ಡಿ. ಮಾಡಿಟ್ಟುಕೊಂಡಿದ್ದ.

ಸಿಡ್ನಿಯ ಕಥೆ ಹೇಳಲೇಬೇಕು. ಎಪ್ಪಿಂಗ್‌ನ ಮೂರನೇ ಮಹಡಿಯಲ್ಲಿ ಅವರ ಮನೆ. ಯೋಗೀಶ ಓದಲು ಬಂದು, ಕಾಯಂ ನೆಲೆಸಲು ಪಿಆರ್ ಸಿಕ್ಕಿ, ಊರಿಗೆ ಹೋಗಿ ಪ್ರಭಾಳನ್ನು ಮದುವೆಯಾಗಿ ಕರೆತಂದಿದ್ದ. ಮೂರನೇ ವರ್ಷ ಗಂಡುಮಗು ಹುಟ್ಟಿತು, ಎರಡು ತಿಂಗಳು ಮೊದಲೇ. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಉಸಿರಾಡಿತು. ಹತ್ತನೆಯ ದಿನ ಉಸಿರಾಡಲಿಲ್ಲ. ಹೆಸರಿಡುವಷ್ಟು ಪುರುಸೊತ್ತನ್ನೂ ಆ ಕೂಸು ಕೊಡಲಿಲ್ಲ. ನಮ್ಮಲ್ಲಿ ಹಸುಗೂಸುಗಳನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಯೋಗೀಶ ಬಿಳಿಯ ಪುಟ್ಟ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರು ಸ್ನೇಹಿತರ ಜೊತೆ ಹೋದ. ಪ್ರಭಾ ಚಪ್ಪಲಿ ಹಾಕಿಕೊಂಡು ಬಾಗಿಲವರೆಗೆ ಬಂದಿದ್ದಳು. ಪಕ್ಕದ ಫ್ಲ್ಯಾಟಿಗೆ ಮಗನ ಮನೆಗೆಂದು ಬಂದಿದ್ದ ಲಕ್ಷ್ಮಮ್ಮ ತಡೆದರು. "ಬಾಣಂತಿ ನೀನು. ಹೆಂಗಸರು ಮಣ್ಣಿಗೆ ಹೋಗಬಾರದು ಕಣವ್ವ" ಎಂದು ತೋಳು ಹಿಡಿದು ಒಳಗೆ ಕರೆದೊಯ್ದರು. ಆಯಮ್ಮ ಕೆಟ್ಟವರಲ್ಲ, ಗೊತ್ತಿದ್ದುದನ್ನು ಹೇಳಿದರು. ಯೋಗೀಶನೂ ಅದೇ ಸರಿ ಎಂದುಕೊಂಡ.

ಎರಡು ತಿಂಗಳಾದ ಮೇಲೆ ಮೆಲ್ಬರ್ನಿನ ವೇರ್‌ಹೌಸ್ ಒಂದರಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಸಾಮಾನು ಸಾಗಿಸಲೆಂದೇ ಈ ಯೂಟ್ ಕೊಂಡ. ಇಬ್ಬರೂ ಹ್ಯೂಮ್ ಹೈವೇ ಹಿಡಿದು ಹೊರಟರು. ಎಪ್ಪಿಂಗ್‌ನಲ್ಲಿ ಹತ್ತುವಾಗ ಪ್ರಭಾ ಮಾತಾಡುತ್ತಿದ್ದಳು. ಟ್ರುಗನಿನಾದಲ್ಲಿ ಇಳಿಯುವಾಗ ಮಾತಾಡುತ್ತಿರಲಿಲ್ಲ. ನಡುವೆ ಒಂಬತ್ತು ಗಂಟೆಯ ದಾರಿಯಲ್ಲಿ ಏನಾಯಿತೆಂದು ಯೋಗೀಶ ತಲೆ ಕೆಡಿಸಿಕೊಂಡದ್ದೇ ಬಂತು. ಊರು ಬಿಟ್ಟ ಸಂಕಟ, ಸರಿಹೋಗುತ್ತದೆ ಎಂದುಕೊಂಡ. ಸರಿಹೋಗಲಿಲ್ಲ. ಮಗು ಹೋಗಿ ವರ್ಷ ತುಂಬಿದ ದಿನ ಅವಳು ಕೋಣೆಯಿಂದ ಹೊರಗೇ ಬರಲಿಲ್ಲ. ಇವನು ಓವರ್‌ಟೈಮ್ ಬರೆಸಿಕೊಂಡು ವೇರ್‌ಹೌಸ್‌ನಲ್ಲೇ ಉಳಿದ. ಮನೆಗೆ ಹೋಗಲು ಅವನಿಗೆ ಧೈರ್ಯವಿರಲಿಲ್ಲ.

ಗುಡ್ ಫ್ರೈಡೇ ದಿನ ವೇರ್‌ಹೌಸ್‌ಗೆ ರಜೆ. ಯೋಗೀಶ ಹೊಸ ಸೆಟ್ಟು, ಎರಡು ಹೊಸ ಸ್ಪೀಕರ್ ಸೀಟಿನ ಮೇಲಿಟ್ಟುಕೊಂಡು ಎರಡು ಬೀದಿ ಆಚೆಗಿದ್ದ ಕರಿಯಪ್ಪನವರ ಮನೆಗೆ ಹೋದ. ಕರಿಯಪ್ಪ ಕೊಡಗಿನವರು. ಸೈನ್ಯದಲ್ಲಿ ವೈರ್‌ಲೆಸ್ ಸೆಟ್ಟುಗಳ ರಿಪೇರಿ ಮಾಡುತ್ತ ಇಪ್ಪತ್ತೆಂಟು ವರ್ಷ ಕಳೆದು, ಈಗ ಮಗಳ ಮನೆಯ ಗ್ಯಾರೇಜಿನಲ್ಲಿ ಸುತ್ತಮುತ್ತಲವರ ರೇಡಿಯೊ, ಮಿಕ್ಸಿ ಬಿಚ್ಚುತ್ತ ಕೂರುವವರು. ಮಾತು ಒರಟು, ಕೈ ಮಾತ್ರ ಬಹಳ ನಯ.

"ಎಂತ ಯೋಗೀಶ, ಕಂಪನಿಯವರು ಕೊಟ್ಟ ಸ್ಟೀರಿಯೊ ಹದಿನೈದು ವರ್ಷ ಹಾಡಿದೆ. ಈಗ ಅದರ ಮೇಲೆ ಯಾಕೆ ಕೋಪ?"

"ಎಡಗಡೆ ಸ್ಪೀಕರ್ ಹೋಗಿದೆ ಅಂಕಲ್. ಮಾರಿದವನು ಎಲ್ಲಾ ಸರಿಯಿದೆ ಅಂತ ಸುಳ್ಳು ಹೇಳಿ ತಲೆಗೆ ಕಟ್ಟಿದ."

ಕರಿಯಪ್ಪ ಮೊದಲು ಬ್ಯಾಟರಿಯ ತಂತಿ ಕಳಚಿದರು. ಡ್ಯಾಶ್‌ಬೋರ್ಡಿನ ಪಟ್ಟಿಯನ್ನು ಮುರಿಯದಂತೆ ಬೆರಳಲ್ಲೇ ಎಬ್ಬಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಕ್ಯಾಸೆಟ್ ಹಾಕುವ ಹಳೆಯ ಸೆಟ್ಟನ್ನು ಹೊರಗೆಳೆದರು. ಅದರ ಹಿಂದೆ ಹದಿನೈದು ವರ್ಷದ ಧೂಳು. ಆಮೇಲೆ ಎಡಬಾಗಿಲಿಗೆ ಬಂದು, ಕಿಟಕಿಯ ಹ್ಯಾಂಡಲ್ ಕಿತ್ತು, ಬಾಗಿಲಿನ ಒಳಹಲಗೆಯನ್ನು ಬಿಡಿಸಿ ಸ್ಪೀಕರ್ ತೆಗೆದರು. ಟಾರ್ಚಿನ ಒಂದು ಸೆಲ್ ಹಿಡಿದು ಅದರ ಎರಡು ತಂತಿಗೆ ಮುಟ್ಟಿಸಿದರು. ಸ್ಪೀಕರಿನ ಕಾಗದದ ಬೋಗುಣಿ ಟಪ್ಪೆಂದು ಮುಂದಕ್ಕೆ ಜಿಗಿಯಿತು.

"ಇದು ಸತ್ತಿಲ್ಲ ಮಾರಾಯ, ಜೀವಂತ ಇದೆ."

"ಹಾಗಾದ್ರೆ ವೈರ್ ಕಟ್ ಆಗಿರ್ಬೇಕು."

ವೈರೂ ಸರಿಯಿತ್ತು. ಹಳೆಯ ಸೆಟ್ಟಿಗೆ ಎಡದ ಸ್ಪೀಕರನ್ನೇ ಮೇಜಿನ ಮೇಲಿಟ್ಟು ಜೋಡಿಸಿದರು. ಲಕ್ಷಣವಾಗಿ ಹಾಡಿತು. ಕರಿಯಪ್ಪ ತಲೆ ಕೆರೆದುಕೊಂಡು, "ತಂದಿದ್ದೀಯಲ್ಲ, ಹೊಸದನ್ನೇ ಹಾಕುವ" ಎಂದರು. ಎರಡು ಗಂಟೆ ಹಿಡಿಯಿತು. ಹೊಸ ಸೆಟ್ಟಿನ ತಂತಿಗಳನ್ನು ಬಣ್ಣಕ್ಕೆ ಬಣ್ಣ ಸೇರಿಸಿ, ಬೆಸುಗೆ ಹಾಕಿ, ಟೇಪು ಸುತ್ತಿದರು. ಎರಡು ಬಾಗಿಲಿಗೂ ಹೊಸ ಸ್ಪೀಕರ್ ಕೂರಿಸಿ, ಹಲಗೆ ಮುಚ್ಚಿ, ಹ್ಯಾಂಡಲ್ ತಿರುಗಿಸಿ ನೋಡಿದರು. ಯೋಗೀಶ ಚಾಲಕನ ಸೀಟಿನಲ್ಲಿ ಕೂತ, ಕರಿಯಪ್ಪ ಎಡಗಡೆ ಕೂತರು. ಸಿ.ಡಿ. ಹಾಕಿದರು. ಹೆಣ್ಣುದನಿಯೊಂದು ಹಾಡತೊಡಗಿತು.

ಯೋಗೀಶನ ಮುಖ ಬಾಡಿತು. "ಅಂಕಲ್, ಎಡಗಡೇದು ಈಗಲೂ ಬರ್ತಿಲ್ಲ."

ಕರಿಯಪ್ಪ ತಮ್ಮ ಮೊಣಕಾಲ ಪಕ್ಕದ ಸ್ಪೀಕರಿನ ಜಾಲರಿಯ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ತೆಗೆಯದೆ ಯೋಗೀಶನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಾಡು ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದರು. ಆಕಳಿಸುತ್ತಿದ್ದಾರೆ, ಪಾಪ ಸುಸ್ತಾಗಿರಬೇಕು ಎಂದುಕೊಂಡು ಯೋಗೀಶ ಗಾಜಿನಾಚೆ ನೋಡುತ್ತ ಕೂತ.

ಕರಿಯಪ್ಪ ಅವನ ಭುಜ ತಟ್ಟಿ ತಮ್ಮ ಕಡೆ ತಿರುಗಿಸಿಕೊಂಡರು. "ಯೋಗೀಶ, ನೀನೊಂದು ಕೆಲಸ ಮಾಡು. ಸೀಟಿನ ಮೇಲೆ ಮಂಡಿಯೂರಿ ಹಿಂದಿನ ಗಾಜಿನ ಕಡೆ ಮುಖ ಮಾಡು."

"ಯಾಕೆ ಅಂಕಲ್?"

"ಹೇಳಿದಷ್ಟು ಮಾಡು ಮಾರಾಯ."

ಮೂವತ್ತನಾಲ್ಕು ವರ್ಷದ ಗಂಡಸು ಚಿಕ್ಕ ಮಗುವಿನ ಹಾಗೆ ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿದ. ಕರಿಯಪ್ಪ ಹಾಡು ಹಾಕಿ ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಅವಳ ಬಾಗಿಲಿನಿಂದ, ಪ್ರಭಾ ಕೂರುವ ಕಡೆಯಿಂದ, ಹಾಡು ಜೋರಾಗಿ, ಸ್ಪಷ್ಟವಾಗಿ ಬಂತು.

"ಬಂತು ಅಂಕಲ್! ಬರ್ತಿದೆ!"

"ಈಗ?" ಕರಿಯಪ್ಪ ಗುಂಡಿಯನ್ನು ಬಲಕ್ಕೆ ತಿರುಗಿಸಿದರು. ಹಾಡು ಯಾವುದೋ ದೂರದ ಮನೆಯೊಳಗಿಂದ ಬಂದಂತೆ ಸಣ್ಣಗಾಯಿತು.

"ಈಗ ಬಲಗಡೇದು ಕೆಟ್ಟಿದೆ" ಎಂದ ಯೋಗೀಶ. ಅಂದ ಮೇಲೆ ಆ ಮಾತು ಅವನಿಗೇ ವಿಚಿತ್ರವಾಗಿ ಕಂಡಿತು. ಇಷ್ಟು ದಿನ ಚೆನ್ನಾಗಿ ಹಾಡುತ್ತಿದ್ದದ್ದೇ ಬಲಗಡೆಯದು.

ಕರಿಯಪ್ಪ ಹಾಡು ನಿಲ್ಲಿಸಿದರು. "ನೀನು ತಿರುಗಿದ್ದು. ಸ್ಪೀಕರ್ ತಿರುಗಲಿಲ್ಲ. ಕಾಫಿ ಕುಡಿತೀಯಾ ಅಂತ ಆಗಲೇ ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಮೂರು ಸಲ ಕೇಳಿದೆ, ಇಲ್ಲೇ ಪಕ್ಕದಲ್ಲಿ ಕೂತು. ನೀನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಫಿರಂಗಿ ಪಕ್ಕ ನಿಂತ ಹುಡುಗರಲ್ಲಿ ಇದನ್ನು ನೋಡಿದ್ದೇನೆ. ನಿನ್ನ ಎಡಗಿವಿ ಹೋಗಿದೆ ಮಗಾ. ಯಾವಾಗಿಂದ?"

ಯೋಗೀಶ ಹಾಗೇ ಮಂಡಿಯೂರಿಕೊಂಡೇ ಇದ್ದ. ಮಗುವನ್ನು ಮಣ್ಣು ಮಾಡಿ ಬಂದ ಮರುದಿನದಿಂದ ಮೂರು ದಿನ ಜ್ವರ. ಎಡಗಿವಿ ಗುಂಯ್ಗುಟ್ಟಿತು, ಆಮೇಲೆ ನೀರು ಹೊಕ್ಕಂತೆ ಮುಚ್ಚಿಕೊಂಡಿತು. ಆಗ ಕಿವಿಯ ಚಿಂತೆ ಯಾರಿಗಿತ್ತು? ಯೂಟ್ ಕೊಂಡದ್ದು ಅದಾದ ಮೇಲೆ. ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಾನೆ. ವೇರ್‌ಹೌಸ್‌ನಲ್ಲಿ ಯಂತ್ರಗಳ ಸದ್ದಿಗೆ ಎರಡೂ ಕಿವಿಗೆ ಬಿರಟೆ. ಜನ ಮಾತಾಡಿಸುವುದು ಎದುರಿಗೆ ನಿಂತು. ಎಡಗಡೆಗೆ ಒತ್ತಿ ಕೂತು ಅವನೊಡನೆ ಮಾತಾಡುವವರು ಲೋಕದಲ್ಲಿ ಒಬ್ಬಳೇ ಇದ್ದಳು.

ಹ್ಯೂಮ್ ಹೈವೇಯ ಒಂಬತ್ತು ಗಂಟೆ. ಅವಳು ಎಡಗಡೆ.

"ಡಾಕ್ಟರಿಗೆ ತೋರಿಸು" ಎಂದರು ಕರಿಯಪ್ಪ. "ಮೊದಲ ವಾರದಲ್ಲೇ ಹೋಗಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ಈಗ ನಾನು ಸುಳ್ಳು ಭರವಸೆ ಕೊಡುವುದಿಲ್ಲ."

ಡಾಕ್ಟರ ಮಾತು ಯೋಗೀಶನಿಗೆ ಬೇಕಿರಲಿಲ್ಲ. ಕಾಫಿಯನ್ನೂ ಕುಡಿಯದೆ ಮನೆಗೆ ಬಂದ.

ಪ್ರಭಾ ಹಾಲ್‌ನಲ್ಲಿ ಸೂಟ್‌ಕೇಸ್ ತೆರೆದಿಟ್ಟು ಸೀರೆಗಳನ್ನು ಮಡಿಸುತ್ತಿದ್ದಳು. "ಒಂದ್ನಿಮಿಷ ಗಾಡಿ ಹತ್ರ ಬಾ" ಎಂದ. ಹೊಸ ಸ್ಟೀರಿಯೊ ತೋರಿಸಲು ಕರೆಯುತ್ತಿದ್ದಾನೆ ಎಂದು ಅವಳಿಗೆ ಅನಿಸಿರಬೇಕು. ಬೇಸರದ ಮುಖದಲ್ಲೇ ಎದ್ದು ಬಂದು, ಅಭ್ಯಾಸದಂತೆ ಎಡಬಾಗಿಲಿಗೆ ಕೈ ಹಾಕಿದಳು.

"ಅಲ್ಲಲ್ಲ. ನೀನು ಆ ಕಡೆ ಕೂತ್ಕೋ." ಕೀ ಅವಳ ಕೈಗಿಟ್ಟ.

ಅವಳಿಗೆ ಲೈಸೆನ್ಸ್ ಇತ್ತು, ಆದರೆ ಯೂಟ್ ಅನ್ನು ಅವನು ಒಮ್ಮೆಯೂ ಅವಳ ಕೈಗೆ ಕೊಟ್ಟಿರಲಿಲ್ಲ. ಏನೂ ಅರ್ಥವಾಗದೆ ಚಾಲಕನ ಸೀಟಿಗೆ ಹತ್ತಿದಳು. ಯೋಗೀಶ ಎಡಗಡೆ ಕೂತು ಬಾಗಿಲು ಹಾಕಿಕೊಂಡ. ಈಗ ಅವನ ಬಲಗಿವಿ ಅವಳ ಕಡೆಗಿತ್ತು.

"ಪ್ರಭಾ, ಆವತ್ತು ಸಿಡ್ನಿಯಿಂದ ಬರ್ಬೇಕಾದ್ರೆ ನೀನು ನನ್ನ ಏನಾದ್ರೂ ಕೇಳಿದ್ಯಾ?"

ಅವಳು ಸ್ಟೀರಿಂಗ್ ನೋಡುತ್ತ ಕೂತಳು. "ಈಗ ಕೇಳ್ತಿದೀರಾ? ಸೂಟ್‌ಕೇಸ್ ತುಂಬಿದ ಮೇಲೆ?"

"ನನಗೆ ಕೇಳಿಸ್ಲಿಲ್ಲ ಕಣೇ. ಈ ಎಡಗಿವಿ ಸತ್ತು ಹದಿಮೂರು ತಿಂಗಳಾಯ್ತು. ನನಗೇ ಗೊತ್ತಾಗಿದ್ದು ಈಗ, ಕರಿಯಪ್ಪ ಅಂಕಲ್ ಗ್ಯಾರೇಜಲ್ಲಿ. ಸ್ಪೀಕರ್ ಕೆಟ್ಟಿದೆ ಅಂತಾನೇ ತಿಳ್ಕೊಂಡಿದ್ದೆ."

ಅವಳು ನಂಬಲಿಲ್ಲ. ನಂಬಲು ಅವಳಿಗೆ ಏನು ಕಾರಣವಿತ್ತು ಹೇಳಿ! ಅವನ ಮುಖವನ್ನೇ ನೋಡಿದಳು. ನಿಧಾನವಾಗಿ ಅವಳಿಗೆ ಒಂದೊಂದೇ ನೆನಪಾಗುತ್ತಿರಬೇಕು.

"ಹಾಸಿಗೇಲಿ ನಾನು ಎಷ್ಟು ಸಲ..." ಎಂದು ನಿಲ್ಲಿಸಿದಳು.

"ನಾನು ಬಲಮಗ್ಗುಲಿಗೆ ಮಲಗ್ತೀನಲ್ಲ. ಒಳ್ಳೇ ಕಿವಿ ದಿಂಬಿನ ಒಳಗೆ."

"ಅಯ್ಯೋ ದೇವರೇ." ಅವಳ ಕೈ ಬಾಯಿಗೆ ಹೋಯಿತು. ಆಮೇಲೆ, ರಸ್ತೆಯನ್ನೇ ನೋಡುತ್ತ ಹೇಳಿದಳು. "ಗೋಲ್ಬರ್ನ್ ದಾಟಿದ ಮೇಲೆ ಕೇಳಿದೆ. ಒಂದು ಸಲ ಗಾಡಿ ತಿರುಗಿಸ್ತೀರಾ, ಮಗು ಮಲಗಿರೋ ಜಾಗ ನಾನು ನೋಡೇ ಇಲ್ಲ ಅಂತ. ನೀವು ಸುಮ್ನಿದ್ರಿ. ಯಾಸ್ ಹತ್ರ ಇನ್ನೊಂದು ಸಲ ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ. ಆಗ ನೀವು ಏನು ಮಾಡಿದ್ರಿ ಗೊತ್ತಾ? ರೇಡಿಯೊ ಜೋರು ಮಾಡಿದ್ರಿ."

ಯೋಗೀಶನಿಗೆ ನೆನಪಿತ್ತು. ಲಾರಿಗಳ ಸದ್ದಿನಲ್ಲಿ ಎಡಗಡೆಯ ಸ್ಪೀಕರ್ ಏನೇನೂ ಕೇಳದೆ, ಹಾಳು ಸೆಟ್ಟು ಎಂದು ಬೈದುಕೊಂಡು ಗುಂಡಿ ತಿರುಗಿಸಿದ್ದ. ಅದೇ ಕೈಯನ್ನು ಈಗ ತೊಡೆಗಳ ನಡುವೆ ಒತ್ತಿ ಹಿಡಿದುಕೊಂಡ. ಅವನಿಗೆ ಅಳು ಬಂತು, ಅತ್ತ. ಮಗು ಹೋದಾಗಲೂ ಅವಳೆದುರು ಅತ್ತಿರಲಿಲ್ಲ.

"ಕಿವಿ ಇರ್ಲಿಲ್ಲ, ಸರಿ" ಎಂದಳು ಪ್ರಭಾ. ದನಿಯಲ್ಲಿ ಹನ್ನೊಂದು ತಿಂಗಳ ಸಿಟ್ಟು ಎದ್ದು ಬಂತು. "ಮನಸ್ಸೂ ಇರ್ಲಿಲ್ವಾ? ನಾನು ಕೇಳೋವರೆಗೂ ಯಾಕೆ ಕಾಯ್ಬೇಕಿತ್ತು? ಊರು ಬಿಡೋ ದಿನ ಒಂದು ಸಲ ಕರ್ಕೊಂಡು ಹೋಗ್ಬೇಕು ಅಂತ ನಿಮಗೆ ಅನ್ನಿಸ್ಲೇ ಇಲ್ವಾ?"

ಇದಕ್ಕೆ ಕರಿಯಪ್ಪನವರ ಸೆಲ್ಲಿನ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ. ಯೋಗೀಶ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಅನ್ನಿಸ್ತು. ಮಗು ಇರೋ ಜಾಗಕ್ಕೆ ತಿರುಗೋ ಕ್ರಾಸ್ ಹತ್ರ ಗಾಡಿ ನಿಧಾನ ಮಾಡಿದ್ದೆ. ಹೆದರಿಕೆ ಆಯ್ತು. ನೀನು ಅಲ್ಲಿ ಬಂದು ಬಿದ್ದರೆ ನಿನ್ನ ಎಬ್ಬಿಸೋಕೆ ನನ್ನ ಕೈಲಿ ಆಗಲ್ಲ ಅನ್ನಿಸ್ತು. ಹೆಂಗಸರು ಹೋಗಬಾರದು ಅಂದಿದ್ದು ನನಗೊಂದು ನೆಪ ಆಯ್ತು."

ಪ್ರಭಾ ಕಣ್ಣೊರೆಸಿಕೊಂಡಳು. ಕ್ಲಚ್ ಒತ್ತಿ ನೋಡಿದಳು, ಗೇರ್ ಅಲುಗಿಸಿ ನೋಡಿದಳು. "ನಾನು ಬೀಳಲ್ಲ. ನಾಳೆ ಬೆಳಿಗ್ಗೆ ಹೊರಡೋಣ. ನಾನೇ ಓಡಿಸ್ತೀನಿ."

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಹೊರಟರು. ಮೊದಮೊದಲು ಗೇರ್ ಕರಕರ ಎಂದಿತು, ಎರಡು ಸಲ ಸಿಗ್ನಲ್‌ನಲ್ಲಿ ಇಂಜಿನ್ ನಿಂತಿತು, ಹಿಂದಿನವನೊಬ್ಬ ಹಾರನ್ ಹೊಡೆದ. ಯೋಗೀಶ ತುಟಿ ಬಿಚ್ಚಲಿಲ್ಲ. ಆಲ್ಬರಿಯಲ್ಲಿ ಅವಳು ಕಟ್ಟಿ ತಂದಿದ್ದ ಚಪಾತಿ ಪಲ್ಯ ತಿಂದರು. "ಸ್ವಲ್ಪ ದೂರ ನಾನು ಓಡಿಸ್ಲಾ?" ಎಂದು ಅವನು ಕೇಳಿದ. "ಬೇಡ. ನೀವು ಅಲ್ಲೇ ಕೂತಿರಿ" ಎಂದಳು. ಹೊಸ ಸ್ಟೀರಿಯೊವನ್ನು ಯಾರೂ ಮುಟ್ಟಲಿಲ್ಲ. ಅವಳು ಮಾತಾಡುತ್ತಿದ್ದಳು. ಮಗುವಿನ ಎಡಗಾಲಿನ ಕಿರುಬೆರಳು ಮಡಿಚಿಕೊಂಡಿದ್ದದ್ದು, ನರ್ಸಮ್ಮ ಹೆಣೆದು ಕೊಟ್ಟ ಹಳದಿ ಟೋಪಿ, ಏಳನೆಯ ದಿನ ಅದು ಅವಳ ಬೆರಳು ಹಿಡಿದದ್ದು. ಹಾಸಿಗೆಯಲ್ಲಿ ದಿಂಬಿಗೆ ಹೇಳಿದ್ದ ಮಾತುಗಳನ್ನೆಲ್ಲ ಮತ್ತೊಮ್ಮೆ ಹೇಳಿದಳು. ಅವನು ಹೂಂ ಹೂಂ ಎನ್ನುತ್ತ ಕೇಳಿದ. ಯಾಸ್ ದಾಟುವಾಗ ಮಾತ್ರ ಇಬ್ಬರೂ ಸುಮ್ಮನಾದರು.

ಗೋಲ್ಬರ್ನ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಮಂಗಳವಾರ ಅಮ್ಮನ ಹತ್ರ ಹೋಗಿ ಬರ್ತೀನಿ. ಎರಡು ತಿಂಗಳು ಬೇಕು ನನಗೆ" ಎಂದಳು. ಯೋಗೀಶ ಪೆಟ್ರೋಲ್ ಪೈಪು ಹಿಡಿದುಕೊಂಡೇ ತಲೆಯಾಡಿಸಿದ.

ಆ ರಾತ್ರಿ ಎಪ್ಪಿಂಗ್‌ನ ಸ್ನೇಹಿತರ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಸ್ಮಶಾನಕ್ಕೆ ಹೋದರು. ಪ್ರಭಾ ಒಂದು ಲೋಟದಲ್ಲಿ ಹಾಲು ತಂದಿದ್ದಳು. ಈಸ್ಟರ್ ಆದ್ದರಿಂದ ಅಲ್ಲಿ ಹೂ ಹಿಡಿದ ಜನ ಓಡಾಡುತ್ತಿದ್ದರು. ಗೇಟು ದಾಟಿ ಎಡಕ್ಕೆ, ನಲ್ಲಿಯ ಪಕ್ಕದ ಮೂರನೇ ಸಾಲು. ಯೋಗೀಶ ಮುಂದೆ ನಡೆದು ದಾರಿ ತೋರಿಸಿದ. ಹುಲ್ಲಿನಲ್ಲಿ ಹುದುಗಿದ್ದ ಕಲ್ಲು ಒಂದು ಪುಸ್ತಕದಷ್ಟೇ ದೊಡ್ಡದು. ಹೆಸರಿಲ್ಲದ ಮಗುವಿಗೆ ಏನು ಬರೆಸುವುದೆಂದು ತೋಚದೆ ಅವನು ಇಂಗ್ಲಿಷಿನಲ್ಲಿ 'ಚಂದ್ರಪ್ರಭಾ ಮತ್ತು ಯೋಗೀಶರ ಮಗ' ಎಂದು ಬರೆಸಿದ್ದ.

ಅವಳು ಬಗ್ಗಿ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. "ನನ್ನ ಹೆಸರೂ ಹಾಕ್ಸಿದೀರಾ."

"ನಿಂದೇ ಮೊದಲು ಹಾಕಿಸ್ದೆ."

ಅವಳು ಬೀಳಲಿಲ್ಲ. ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲೋಟದ ಹಾಲನ್ನು ಕಲ್ಲಿನ ಸುತ್ತ ನಿಧಾನವಾಗಿ ಎರೆದಳು. ಯೋಗೀಶ ಅವಳ ಎಡಗಡೆ ನಿಂತಿದ್ದ. ಬಲಗಿವಿ ಅವಳ ಕಡೆಗಿತ್ತು, ನಿನ್ನೆಯಿಂದ ಅದೇ ಅಭ್ಯಾಸವಾಗಿತ್ತು. ಅವಳು ಸೆರಗಿನಿಂದ ಕಲ್ಲು ಒರೆಸಿ, ಮುಖವನ್ನು ಅದರ ಹತ್ತಿರಕ್ಕೆ ಒಯ್ದು, "ಪುಟ್ಟಾ, ಅಮ್ಮ ಬಂದೆ ಕಣೋ" ಎಂದಳು.

ಅಷ್ಟು ಅವನಿಗೆ ಕೇಳಿಸಿತು. ಆಮೇಲಿನದು ತನಗಲ್ಲ ಎಂದು ಅವನಿಗೆ ಗೊತ್ತಾಯಿತು. ಹದಿಮೂರು ತಿಂಗಳ ಹಿಂದೆ ಬಾಗಿಲವರೆಗೆ ಬಂದು ನಿಂತುಹೋದ ಮಾತು ಅದು, ತಾಯಿ ಮಗನದು. ಯೋಗೀಶ ಸದ್ದಾಗದಂತೆ ಅವಳ ಹಿಂದಿನಿಂದ ಸುತ್ತಿ ಬಂದು, ನಾಲ್ಕು ಹೆಜ್ಜೆ ದೂರದಲ್ಲಿ, ಅವಳ ಬಲಗಡೆ ನಿಂತುಕೊಂಡ. ಈಗ ಅವಳ ಕಡೆಗಿದ್ದದ್ದು ಸತ್ತ ಕಿವಿ. ಗಾಳಿಗೆ ಅವಳ ಮುಂಗೂದಲು ಹಾರುತ್ತಿತ್ತು, ತುಟಿ ಅಲುಗುತ್ತಿತ್ತು. ಅವಳು ಹೇಳಿ ಮುಗಿಸುವವರೆಗೂ ಅವನು ಆ ಕಡೆಯೇ ನಿಂತಿದ್ದ.